ಜನರೇಟರ್ ಎಳೆಯುವ ಗಾಡಿ

ಗುಂಡ್ಲುಪೇಟೆಯ ಸಾದಿಕ್ ನಲವತ್ತೆಂಟನೇ ವಯಸ್ಸಿಗೇ ಎಪ್ಪತ್ತರವನಷ್ಟು ಸುಸ್ತಾಗಿದ್ದರೆ ಅದಕ್ಕೆ ಸಕ್ಕರೆ ಕಾಯಿಲೆ ಕಾರಣವಲ್ಲ, ಸಂಸಾರವೂ ಕಾರಣವಲ್ಲ. ಮಾದಣ್ಣನ ಟ್ರಾಕ್ಟರ್ ಕಾರಣ.

ಮದುವೆ, ನಾಮಕರಣ, ಉರುಸುಗಳಿಗೆ ಜನರೇಟರ್ ಬಾಡಿಗೆಗೆ ಕೊಡುವುದು ಸಾದಿಕನ ಕಸುಬು. ಎರಡು ಚಕ್ರದ ಟ್ರೇಲರ್ ಮೇಲೆ ಕೂತ ಹಸಿರು ಬಣ್ಣದ ಭಾರೀ ಜನರೇಟರ್. ಅದಕ್ಕೆ ಊರೆಲ್ಲ ಬೆಳಗಲು ಬರುತ್ತದೆ, ನಾಲ್ಕು ಹೆಜ್ಜೆ ನಡೆಯಲು ಬರುವುದಿಲ್ಲ. ಎಳೆದುಕೊಂಡು ಹೋಗಲು ಹದಿಮೂರು ವರ್ಷದಿಂದ ಮಾದಣ್ಣನೇ ಗತಿ. ಮಾದಣ್ಣ ಕೆಟ್ಟವನಲ್ಲ. ಕುಡಿಯುವುದಿಲ್ಲ, ಬಾಡಿಗೆಗೆ ಜಗ್ಗಾಡುವುದಿಲ್ಲ, ಇಳಿಜಾರಿನಲ್ಲಿ ಟ್ರಾಕ್ಟರನ್ನು ಮಗುವಿನಂತೆ ಇಳಿಸುತ್ತಾನೆ. ಆದರೆ ಹತ್ತಕ್ಕೆ ಬಾ ಎಂದರೆ ಹನ್ನೆರಡಕ್ಕೆ ಬರುತ್ತಾನೆ. ಫೋನ್ ಮಾಡಿದರೆ "ಬಂದೆ ಕಣ ಸಾದಿಕಣ್ಣ, ಇಲ್ಲೇ ದಾರೀಲಿ ಇವ್ನಿ" ಎನ್ನುತ್ತಾನೆ. ಹಿಂದಿನಿಂದ ಅವನ ಮನೆಯ ಹುಂಜ ಕೂಗುವುದು ಕೇಳಿಸುತ್ತದೆ.

ಸಾದಿಕನೋ ಹೊತ್ತಿನ ವಿಷಯದಲ್ಲಿ ತಕ್ಕಡಿ ಹಿಡಿದವನು. ಹತ್ತಕ್ಕೆ ಬೇಕಾದರೆ ಹತ್ತು ಎಂದೇ ಹೇಳುತ್ತಾನೆ, ಹತ್ತೂಕಾಲಿಗೆ ಬೇಕಾದರೆ ಹತ್ತೂಕಾಲು. ಸುಳ್ಳು ಹೇಳಿ ಅಭ್ಯಾಸವಿಲ್ಲದ ನಾಲಗೆ ಅವನದು. ವ್ಯಾಪಾರಸ್ಥನಿಗೆ ಇದಕ್ಕಿಂತ ದೊಡ್ಡ ಅಂಗವೈಕಲ್ಯ ಇಲ್ಲ ಎಂದು ಅವನ ಹೆಂಡತಿ ಅನೀಸಾ ಆಗಾಗ ಹೇಳುತ್ತಿದ್ದಳು.

ಹೋದ ವಾರ ತೆರಕಣಾಂಬಿಯ ಮದುವೆಯಲ್ಲಿ ಧಾರೆಯ ಹೊತ್ತಿಗೆ ಕರೆಂಟು ಹೋಯಿತು. ಜನರೇಟರ್ ಆಗ ಮಾದಣ್ಣನ ಜೊತೆ 'ದಾರಿಯಲ್ಲಿ' ಇತ್ತು. ಕತ್ತಲು ಛತ್ರದೊಳಗೆ ಮೊಬೈಲ್ ಬೆಳಕು ಹಿಡಿದುಕೊಂಡು ತಾಳಿ ಕಟ್ಟಿಸಿದರು. ಅಲ್ಲಿಗೆ ಬಂದಿದ್ದ ಹಂಗಳದ ಗುರುಸ್ವಾಮಿ ಇದನ್ನೆಲ್ಲ ಕಣ್ಣಾರೆ ಕಂಡ. ಬರುವ ಭಾನುವಾರ ಅವನ ಮಗಳು ಭವ್ಯಳ ಆರತಕ್ಷತೆ, ಅದಕ್ಕೆ ಜನರೇಟರ್ ಸಾದಿಕನದೇ. ಗುರುಸ್ವಾಮಿ ಬೈಯಲಿಲ್ಲ, ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ.

"ನೋಡಿ ಸಾಬ್ರೆ, ಭಾನ್ವಾರ ಸಂಜೆ ಆರು ಗಂಟ್ಗೆ ನಮ್ಮನೆ ಮುಂದೆ ಬೆಳಕಿರ್ಬೇಕು. ಇಲ್ದಿದ್ರೆ ನಿಮ್ ಜನ್ರೇಟ್ರು ಇನ್ಮುಂದೆ ನಮ್ ಕಡೆ ಬರದೇ ಬ್ಯಾಡ. ಸುತ್ತ ಅಷ್ಟೂರಿಗೂ ನಾನೇ ಏಳ್ತೀನಿ."

ಹಂಗಳದ ಸುತ್ತಿನ ಊರುಗಳೇ ಸಾದಿಕನ ಅರ್ಧ ಅನ್ನ. ಆ ರಾತ್ರಿ ಅವನಿಗೆ ನಿದ್ದೆ ಬರಲಿಲ್ಲ. ಬೆಳಗಾಗುವಷ್ಟರಲ್ಲಿ, ಸ್ವಂತಕ್ಕೆ ಒಂದು ಪಿಕಪ್ ಗಾಡಿ ತೆಗೆದುಕೊಂಡು ಮಾದಣ್ಣನ ಋಣ ಹರಿದುಕೊಳ್ಳುವುದೆಂದು ತೀರ್ಮಾನಿಸಿದ್ದ.

ಚಾಮರಾಜನಗರದಲ್ಲಿ ಹಳೇ ಗಾಡಿ ಮಾರುವ ಫಹೀಮ್ ಶನಿವಾರ ಸಂಜೆ ಫೋನ್ ಮಾಡಿದ. ಎರಡು ಪಿಕಪ್ ಬಂದಿಳಿದಿವೆ, ಎರಡೂ ಬಿಳಿ, ಎರಡೂ ಒಂದೇ ವರ್ಷದವು. ಒಂದು ಗ್ಯಾಸಿನದು, ಒಂದು ಡೀಸೆಲ್ಲಿನದು. ಬೆಳಿಗ್ಗೆ ಬಂದು ಆರಿಸಿಕೊಂಡರೆ ಮಧ್ಯಾಹ್ನಕ್ಕೆ ಮನೆ ಮುಂದೆ ಗಾಡಿ.

ಭಾನುವಾರ ಎಂಟರ ಬಸ್ಸಿಗೆ ಒಬ್ಬನೇ ಹೋಗಿಬರುವುದೆಂದು ಸಾದಿಕ್ ಬಸ್ ಸ್ಟ್ಯಾಂಡಿಗೆ ಬಂದರೆ, ಬಸ್ಸಿನೊಳಗೆ ಇಬ್ಬರು ಅವನಿಗೂ ಸೀಟು ಹಿಡಿದು ಕೂತಿದ್ದರು. ಒಬ್ಬರು ಅನೀಸಾಳ ಚಿಕ್ಕಪ್ಪ ಅಬ್ದುಲ್ ಜಬ್ಬಾರ್, ಮೂವತ್ತು ವರ್ಷ ಕೇರಳಕ್ಕೆ ತರಕಾರಿ ಲಾರಿ ಓಡಿಸಿ ಈಗ ಮನೆಯಲ್ಲಿ ಕೂತಿರುವವರು. ಇನ್ನೊಬ್ಬ ಪಕ್ಕದ ಮನೆಯ ನಾಗಯ್ಯ, ಗ್ಯಾಸ್ ಆಟೋ ಇಟ್ಟುಕೊಂಡವನು. ಇಬ್ಬರನ್ನೂ ಅವನು ಕರೆದಿರಲಿಲ್ಲ.

"ಡೀಸೆಲ್ ಬಿಟ್ಟು ಬೇರೆ ಮಾತೇ ಇಲ್ಲ," ಜಬ್ಬಾರ್ ಚಾಚಾ ಬಸ್ಸು ಹೊರಡುವ ಮೊದಲೇ ಶುರು ಮಾಡಿದರು. "ಗ್ಯಾಸು ಅಡುಗೆ ಮನೇಲಿರಬೇಕು ಬೇಟಾ. ಭಾರ ಎಳೆಯೋದಕ್ಕೆ ಡೀಸೆಲ್ಲು."

"ನಿಮ್ ಕಾಲ ಓಯ್ತು ಬುಡಿ ಚಾಚಾ," ಎಂದ ನಾಗಯ್ಯ. "ನನ್ ಆಟೋ ನಾಕೊರ್ಸದಿಂದ ಗ್ಯಾಸಲ್ಲೇ ಓಡ್ತಾ ಅದೆ. ಒಂದಿನ ಕೆಮ್ಮಿಲ್ಲ."

"ನಿನ್ನ ಆಟೋ ಎಳೆಯೋದು ಮೂರು ಜನಾನ."

"ಮೂರಾ? ಸಂತೆ ದಿನ ಬಂದು ಎಣಿಸ್ಬುಡಿ."

ಅಷ್ಟರಲ್ಲಿ ಸಾದಿಕನ ಫೋನ್ ಬಡಿದುಕೊಂಡಿತು. ಆ ಫೋನಿಗೆ ಒಂದು ಕಾಯಿಲೆಯಿತ್ತು. ಹಿಂದೊಮ್ಮೆ ನೀರಿಗೆ ಬಿದ್ದ ಮೇಲೆ ಕಿವಿಯ ಹತ್ತಿರ ಅದು ಮಾತಾಡುತ್ತಿರಲಿಲ್ಲ, ಸ್ಪೀಕರ್ ಹಾಕಿದರೆ ಮಾತ್ರ ಮಾತು. ಸಾದಿಕನ ಸಂಸಾರವೆಲ್ಲ ಹೀಗೆ ಊರ ಕಿವಿಗೆ ಬೀಳುತ್ತಿತ್ತು. ಮನೆಯಲ್ಲಿ ಅವರದು ಉರ್ದು. ಆದರೆ ಗಂಡನಿಗೆ ಬುದ್ಧಿ ಹೇಳುವಾಗ ಅನೀಸಾ ಕನ್ನಡಕ್ಕೆ ಬರುತ್ತಿದ್ದಳು. ನಾಲ್ಕು ಜನಕ್ಕೆ ತಿಳಿಯದ ಬುದ್ಧಿವಾದದಿಂದ ಏನು ಪ್ರಯೋಜನ ಎಂಬುದು ಅವಳ ನ್ಯಾಯ.

"ಏನ್ರೀ, ಚಾಚಾನೂ ನಾಗಯ್ಯನೂ ನಿಮ್ ಜೊತೇಲೇ ಬಂದಿದ್ದಾರಂತೆ?"

"ಹ್ಞೂಂ."

"ಹಂಗಾದ್ರೆ ಇವತ್ತಿಗೆ ನೀವು ಬಂದಂಗೇ. ಗ್ಯಾಸೋ ಡೀಸೆಲ್ಲೋ, ಯಾವ್ದಾದ್ರೂ ಒಂದು ತಗೊಂಡು ಮೂರಕ್ಕೆ ಮನೆ ಮುಂದೆ ಇರಿ. ಆ ಹುಡುಗಿ ಆರತಕ್ಷತೆ ಕತ್ತಲಲ್ಲಿ ಮಾಡಿಸಬೇಡಿ."

ಇಡೀ ಬಸ್ಸಿಗೆ ವಿಷಯ ತಿಳಿದುಹೋಯಿತು. ಕಂಡಕ್ಟರ್ ಗ್ಯಾಸಿನ ಕಡೆಗೆ ನಿಂತ. ಹಿಂದಿನ ಸೀಟಿನ ನಾಲ್ಕು ಜನ ಒಟ್ಟಾಗಿ ಡೀಸೆಲ್ ಎಂದರು. ಡ್ರೈವರ್ ಕನ್ನಡಿಯಲ್ಲಿ ನೋಡುತ್ತಲೇ, ಏರಿನಲ್ಲಿ ಗ್ಯಾಸ್ ಕೈ ಕೊಡುತ್ತದೆಂದು ತೀರ್ಪು ಕೊಟ್ಟ. ಸೊಪ್ಪಿನ ಮಂಕರಿ ಕಾಲಬಳಿ ಇಟ್ಟುಕೊಂಡಿದ್ದ ದೊಡ್ಡಮಲ್ಲಮ್ಮ ಎಂಬ ಮುದುಕಿ ಮಾತ್ರ ಎಲೆಗೆ ಸುಣ್ಣ ಸವರುತ್ತ ಕೇಳಿದಳು.

"ಅಲ್ಲ ಕಣಪ್ಪ, ಎಳೆಯದೇನೋ ಎಳೀತದೆ. ಅದ್ನ ಇದುಕ್ಕೆ ಏನ್ರಲ್ಲಿ ಸಿಗಾಕೀರಿ? ಎತ್ತಿನ ಗಾಡಿಗಾದ್ರೆ ಮೂಕಿ ಅದೆ, ನೊಗ ಅದೆ. ಇದುಕ್ಕೇನದೆ?"

"ಅಜ್ಜಿ, ಇದು ಎತ್ತಿನ ಗಾಡಿ ಅಲ್ಲ," ಎಂದು ನಾಗಯ್ಯ ನಕ್ಕ. ಬಸ್ಸೂ ನಕ್ಕಿತು. ಮುದುಕಿ ಎಲೆ ಮಡಿಸಿ ಬಾಯಿಗೆ ಹಾಕಿಕೊಂಡಳು.

ಫಹೀಮ್ ಚಾಮರಾಜನಗರದ ಹೊರಗೆ ತಗಡಿನ ಶೆಡ್ಡಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದ. ಎರಡು ಗಾಡಿಗಳೂ ತೊಳೆಸಿಕೊಂಡು ಹೊಳೆಯುತ್ತ ನಿಂತಿದ್ದವು. ಯಾವುದು ಒಳ್ಳೆಯದೆಂದು ಸಾದಿಕ್ ಕೇಳಿದ.

"ಭಾಯ್, ಎರಡೂ ನನಗೆ ಎರಡು ಕಣ್ಣಿದ್ದಂಗೆ," ಎಂದ ಫಹೀಮ್. "ಯಾವ ಕಣ್ಣು ಒಳ್ಳೇದು ಅಂತ ಹೇಳಲಿ? ಒಂದೊಂದರಲ್ಲೂ ಒಂದು ಸುತ್ತು ಹೋಗಿ ಬನ್ನಿ. ಗ್ಯಾಸು, ಡೀಸೆಲ್ಲು ಎಲ್ಲ ಇದೆ."

ಇತ್ತು ನಿಜ. ಹಳೇ ಗಾಡಿ ಮಾರುವವರು ಎಷ್ಟು ಇಡುತ್ತಾರೋ ಅಷ್ಟೇ ಇತ್ತು.

ಖಾಲಿ ಗಾಡಿ ಓಡಿಸಿ ನೋಡಿದರೆ ಏನು ತಿಳಿಯುತ್ತದೆ ಎಂದು ಚಾಚಾ ತಕರಾರು ತೆಗೆದರು. ಜನರೇಟರ್ ಗುಂಡ್ಲುಪೇಟೆಯಲ್ಲಿದೆ. ನಾಗಯ್ಯ ಮನಸ್ಸಿನಲ್ಲೇ ಲೆಕ್ಕ ಹಾಕಿ, ಜನರೇಟರ್ ತೂಕ ಹದಿನೈದು ಆಳಿಗೆ ಸಮ ಎಂದ. ಹೇಳಿದವನೇ ರಸ್ತೆಗೆ ಹೋಗಿ, ಬಸ್ಸು ಕಾಯುತ್ತಿದ್ದವರಿಗೆ "ತೆರಕಣಾಂಬಿ, ಪುಕ್ಕಟೆ" ಎಂದು ಕೂಗಿದ. ಹದಿನೈದು ಜನ ಬೇಕಿದ್ದಲ್ಲಿ ಹದಿನೇಳು ಜನವೂ ಎರಡು ಆಡೂ ಹತ್ತಿದವು. ಸೊಪ್ಪನ್ನು ಹೋಟೆಲಿಗೆ ಹಾಕಿ ವಾಪಸು ಹೊರಟಿದ್ದ ದೊಡ್ಡಮಲ್ಲಮ್ಮನೂ ಬಂದಳು. ಹತ್ತುವ ಮೊದಲು ಗಾಡಿಯ ಹಿಂಭಾಗವನ್ನು ಬಗ್ಗಿ ನೋಡಿ, "ಕೊಂಡಿ ಎಲ್ಲಪ್ಪ?" ಎಂದಳು.

"ಹತ್ತಜ್ಜಿ, ತೂಕ ಆಗ್ಲಿ," ಎಂದು ನಾಗಯ್ಯ ಕೈ ಹಿಡಿದು ಎಳೆದುಕೊಂಡ.

ಮೊದಲು ಗ್ಯಾಸಿನ ಗಾಡಿ. ಸಾದಿಕ್ ಸ್ಟೇರಿಂಗ್ ಹಿಡಿದ. ಗಾಡಿ ಸದ್ದಿಲ್ಲದೆ ಹೊರಟಿತು, ಹಿತವಾಗಿ ಓಡಿತು. ಅವನಿಗೆ ಹದಿಮೂರು ವರ್ಷದಲ್ಲಿ ಮೊದಲ ಸಲ ಭುಜ ಸ್ವಲ್ಪ ಹಗುರಾದಂತೆ ಅನಿಸಿತು. ನಾಗಯ್ಯ ಹಿಂದಿನಿಂದ ಕಿಟಕಿಗೆ ಬಾಯಿ ಇಟ್ಟು "ಎಂಗೆ? ಎಂಗೆ?" ಎನ್ನುತ್ತಿದ್ದ. ನಾಲ್ಕು ಮೈಲಿ ದಾಟುವಷ್ಟರಲ್ಲಿ ಕೆಂಪು ದೀಪ ಹತ್ತಿತು. ಗ್ಯಾಸ್ ಮುಗಿಯುತ್ತ ಬಂದಿತ್ತು. ತೆರಕಣಾಂಬಿ ದಾರಿಯಲ್ಲಿ ಎಲ್ಲೂ ಗ್ಯಾಸ್ ಸಿಗುವುದಿಲ್ಲವೆಂದು ಗೊತ್ತಾಗಿ, ಹದಿನೇಳು ಜನವನ್ನೂ ಆಡುಗಳನ್ನೂ ತಿರುಗಿಸಿಕೊಂಡು ನಗರದ ಬಂಕಿಗೆ ಬಂದರೆ ಅಲ್ಲಿ ಆಟೋಗಳ ಸಾಲು ರಸ್ತೆಯವರೆಗೆ ಬಂದಿತ್ತು.

ಸಾಲು ಕರಗಲು ಒಂದೂವರೆ ಗಂಟೆ ಹಿಡಿಯಿತು. ಹಿಂದೆ ಕೂತವರು ಬುತ್ತಿ ಬಿಚ್ಚಿದರು. ಒಬ್ಬ ಸಾದಿಕನಿಗೂ ಅರ್ಧ ರೊಟ್ಟಿ ಕೊಟ್ಟ. ಸಾಲಿನಲ್ಲಿದ್ದ ಆಟೋದವರು ಒಬ್ಬೊಬ್ಬರಾಗಿ ಬಂದು, ಗ್ಯಾಸಿನಷ್ಟು ಒಳ್ಳೆಯದು ಇನ್ನೊಂದಿಲ್ಲ ಎಂದು ಹೇಳಿಹೋದರು. ಅವರಲ್ಲಿ ಇಬ್ಬರು ಬೆಳಿಗ್ಗೆ ಆರರಿಂದ ಅಲ್ಲೇ ನಿಂತಿದ್ದರಂತೆ.

"ನೋಡಿದೆಯಾ?" ಎಂದರು ಚಾಚಾ. ಅವರ ಮುಖದಲ್ಲಿ ಆ ದಿನದ ಮೊದಲ ಸಂತೋಷ ಕಂಡಿತು.

ಗ್ಯಾಸ್ ತುಂಬಿಸಿ ಶೆಡ್ಡಿಗೆ ಬಂದು ಡೀಸೆಲ್ ಗಾಡಿಗೆ ಹತ್ತುವಾಗ ಚಾಚಾ ಹೊಸದೊಂದು ಷರತ್ತು ಹಾಕಿದರು. ಮೊದಲು ಯಾರು ಕೂತಿದ್ದರೋ ಅವರೇ ಕೂರಬೇಕು, ತೂಕ ಒಂದೇ ಇರದಿದ್ದರೆ ನ್ಯಾಯವಲ್ಲ. ಹದಿನೇಳು ಜನವೂ ಗೊಣಗಿಕೊಂಡು ಇಳಿದು ಪಕ್ಕದ ಗಾಡಿಗೆ ಹತ್ತಿದರು. ಆಡುಗಳನ್ನೂ ಹತ್ತಿಸಿದರು, ದಾರಿಯ ಬಂಕಿನಲ್ಲಿ ಒಂದಿಷ್ಟು ಡೀಸೆಲ್ ಹಾಕಿಸಿದರು. ಡೀಸೆಲ್ ಗಾಡಿ ಏರಿನಲ್ಲಿ ಗುಡುಗುತ್ತ ಹತ್ತಿತು, ದಣಿಯಲಿಲ್ಲ. ಕರಿ ಹೊಗೆ ಮಾತ್ರ ಧಾರಾಳವಾಗಿ ಬಿಟ್ಟಿತು. ತೆರಕಣಾಂಬಿಯಲ್ಲಿ ಇಳಿಯುವಾಗ ಬಿಳಿ ಪಂಚೆಯವನೊಬ್ಬ ತನ್ನ ಪಂಚೆಯನ್ನೂ ಸಾದಿಕನನ್ನೂ ಮೂರು ಸಲ ಬದಲಿಸಿ ಬದಲಿಸಿ ನೋಡಿ, ಪಂಚೆ ಕೊಡವಿಕೊಂಡು ಹೋದ.

ಶೆಡ್ಡಿಗೆ ಮರಳುವಾಗ ಒಂದೂವರೆ ದಾಟಿತ್ತು. ಫಹೀಮ್ ಗಡಿಯಾರ ನೋಡಿಕೊಂಡ.

"ಎರಡಕ್ಕೆ ಕೊಳ್ಳೇಗಾಲದ ಪಾರ್ಟಿ ಬರ್ತಿದೆ ಭಾಯ್. ಎರಡರಲ್ಲಿ ಒಂದು ಅವರದು. ನಿಮ್ಮದು ಯಾವುದು ಅಂತ ಹೇಳಿದ್ರೆ ಮಿಕ್ಕಿದ್ದು ಅವರಿಗೆ."

ಸಾದಿಕ್ ಒಂದು ಹಳೇ ಟೈರಿನ ಮೇಲೆ ಕೂತ. ಬಲಗಿವಿಯಲ್ಲಿ ಚಾಚಾ, ಎಡಗಿವಿಯಲ್ಲಿ ನಾಗಯ್ಯ. ಅವನಿಗೆ ಗಾಡಿಯೂ ಬೇಡ, ಜನರೇಟರೂ ಬೇಡ, ಆ ಟೈರಿನೊಳಗೇ ಮುದುರಿಕೊಂಡು ಎರಡು ಗಂಟೆ ಮಲಗಿದರೆ ಸಾಕು ಅನ್ನಿಸಿಬಿಟ್ಟಿತ್ತು. ಆಗ ತಲೆಯಲ್ಲಿ ಸ್ವಂತದ್ದೊಂದು ಯೋಚನೆ ಮೂಡಿತು. ಜನರೇಟರ್ ಕುಡಿಯುವುದೂ ಡೀಸೆಲ್ಲೇ. ಗಾಡಿಯೂ ಡೀಸೆಲ್ಲೇ ಕುಡಿದರೆ ಒಂದಕ್ಕೆ ಇನ್ನೊಂದು ಆಗಿಬರುತ್ತದೆ. ಕಷ್ಟಕಾಲದಲ್ಲಿ ಇದರದು ಅದಕ್ಕೆ, ಅದರದು ಇದಕ್ಕೆ.

"ಡೀಸೆಲ್," ಎಂದು ಹೇಳಿ ಮುಂಗಡ ಕೊಟ್ಟ. ಒಮ್ಮೆ ಕೊಂಡೊಯ್ದ ಮೇಲೆ ವಾಪಸು ತೆಗೆದುಕೊಳ್ಳುವುದಿಲ್ಲವೆಂದು ಫಹೀಮ್ ನಗುತ್ತಲೇ ಹೇಳಿದ. ನಾಗಯ್ಯ ಮುನಿಸಿಕೊಂಡು, ಮುಂದೆ ಜಾಗವಿದ್ದರೂ ಗುಂಡ್ಲುಪೇಟೆಯವರೆಗೆ ಗಾಡಿಯ ಹಿಂಭಾಗದಲ್ಲೇ ನಿಂತುಕೊಂಡು ಬಂದ.

ಮೂರಕ್ಕೆ ಸರಿಯಾಗಿ ಗಾಡಿ ಬೀದಿಗೆ ಬಂತು. ಬೀದಿಯವರೆಲ್ಲ ಹೊರಗೆ ಬಂದರು. ಅನೀಸಾ ಬಾಗಿಲಲ್ಲಿ ನಿಂತು, ಮಾತು ಉಳಿಸಿಕೊಂಡಿದ್ದಾನೆಂಬ ಮೆಚ್ಚುಗೆಯಿಂದ ಗಂಡನನ್ನು ನೋಡಿದಳು. ಸಾದಿಕ್ ಎದೆಯುಬ್ಬಿಸಿ, ಗಾಡಿಯನ್ನು ಹಿಂದಕ್ಕೆ ತಂದು ಜನರೇಟರ್ ಮುಂದೆ ನಿಲ್ಲಿಸಿ, ಇಳಿದು ಹಿಂದೆ ಹೋದ.

ಗಾಡಿಯ ಹಿಂಭಾಗದಲ್ಲಿ ಎರಡು ದೀಪಗಳಿದ್ದವು, ನಂಬರ್ ಪ್ಲೇಟ್ ಇತ್ತು, ಹಾರನ್ ಮಾಡಿ ಎಂಬ ಬರಹವಿತ್ತು. ಟ್ರೇಲರ್ ಸಿಗಿಸಲು ಕೊಂಡಿ ಇರಲಿಲ್ಲ.

ಎಲ್ಲರೂ ಬಗ್ಗಿ ನೋಡಿದರು. ಕೊನೆಗೆ ನಾಗಯ್ಯ ಮುನಿಸು ಮರೆತು, "ಆ ಅಜ್ಜಿ ಏಳ್ತು ಕಣ," ಎಂದ.

ಎದುರಿಗೇ ಮಂಟೇಸ್ವಾಮಿಯ ವೆಲ್ಡಿಂಗ್ ಅಂಗಡಿ. ಮಂಟೇಸ್ವಾಮಿ ಬಂದು ಗಾಡಿಯ ಕೆಳಗೆ ತೂರಿ ನೋಡಿದ, ಟ್ರೇಲರಿನ ಮುಂದಕ್ಕೆ ಚಾಚಿದ ಕಬ್ಬಿಣದ ಮೂತಿಯನ್ನೂ ಮುಟ್ಟಿ ನೋಡಿದ.

"ಕೊಂಡಿ ನಾನಾಕ್ಕೊಡ್ತೀನಿ. ಆದ್ರೆ ಈ ಮೂತಿ ಟ್ರಾಕ್ಟ್ರು ಎತ್ತರಕ್ಕೆ ಮಾಡಿರದು. ಇದ್ನ ಕುಯ್ದು, ಬಗ್ಗಿಸಿ, ಬ್ಯಾರೆ ಬಳೆ ಕೂರಿಸ್ಬೇಕು. ಆಮೇಲೆ ಟ್ರಾಕ್ಟ್ರುಗೆ ಇದು ಸಿಗಾಕಳಕ್ಕಿಲ್ಲ. ನೋಡ್ಕಬುಡು."

ಸಾದಿಕನಿಗೆ ತೆರಕಣಾಂಬಿಯ ಛತ್ರ ನೆನಪಾಯಿತು. ಹುಂಜದ ಕೂಗು ನೆನಪಾಯಿತು.

"ಕುಯ್ಯಿ," ಎಂದ. "ಇನ್ನು ಟ್ರಾಕ್ಟರ್ ಯಾರಿಗೆ ಬೇಕು?"

ಹದಿಮೂರು ವರ್ಷದಲ್ಲಿ ಅವನಾಡಿದ ಒಂದೇ ಒಂದು ಜಂಬದ ಮಾತು ಅದು. ಮಂಟೇಸ್ವಾಮಿ ಹಳೇ ಮೂತಿಯನ್ನು ಕುಯ್ದು ಕೆಳಗೆ ಬೀಳಿಸಿದ, ಹೊಸದನ್ನು ಹಿಡಿದು ವೆಲ್ಡಿಂಗ್ ಕಡ್ಡಿ ತಾಗಿಸಿದ. ಕರೆಂಟು ಹೋಯಿತು.

"ಜನರೇಟರ್ ಕಣ್ಮುಂದೇನೇ ಇದೆ, ಕರೆಂಟಿಗೆ ಅಳ್ತೀರಲ್ಲ," ಎಂದರು ಚಾಚಾ. ಆದರೆ ಈ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಜನರೇಟರ್ ಬಾಡಿಗೆಯವನದು, ಡೀಸೆಲ್ ಕಾರ್ಯ ಮಾಡಿಸುವವರದು. ಎಲ್ಲಿಗೆ ಹೋಗುತ್ತದೋ ಅಲ್ಲೇ ಅದಕ್ಕೆ ಊಟ. ಹಾಗಾಗಿ ಮನೆ ಮುಂದೆ ನಿಂತಾಗ ಅದರ ಹೊಟ್ಟೆ ಯಾವಾಗಲೂ ಖಾಲಿ.

ಸಾದಿಕ್ ತನ್ನ ಯೋಚನೆ ಇಷ್ಟು ಬೇಗ ಉಪಯೋಗಕ್ಕೆ ಬಂತಲ್ಲ ಎಂದು ಹಿಗ್ಗಿದ. ಚಾಚಾ ಒಂದು ಪೈಪನ್ನು ಪಿಕಪ್ಪಿನ ಟ್ಯಾಂಕಿಗೆ ಇಳಿಸಿ, ಬಾಯಿಂದ ಎಳೆದು, ಅರ್ಧ ಗುಟುಕು ಕುಡಿದು, ಉಳಿದದ್ದನ್ನು ಕ್ಯಾನಿಗೆ ಬಿಟ್ಟರು. ಜನರೇಟರ್ ಗುಡುಗಿಕೊಂಡು ಎದ್ದಿತು. ಮಂಟೇಸ್ವಾಮಿಯ ಕಡ್ಡಿ ಕಿಡಿ ಕಾರಿತು.

ಕರೆಂಟಿಲ್ಲದ ಬೀದಿಯಲ್ಲಿ ಜನರೇಟರ್ ಓಡುತ್ತಿದ್ದರೆ ಸುತ್ತಲಿನವರು ಕೈಕಟ್ಟಿ ಕೂರುವುದು ಹೇಗೆ? ಮೊದಲು ಮೂಲೆ ಮನೆಯ ಮಲ್ಲಿಗಮ್ಮ ವಯರ್ ಎಳೆದುಕೊಂಡು ಬಂದಳು. ದೋಸೆಗೆ ನೆನೆಹಾಕಿದ್ದೇನೆ, ಒಂದೇ ಒಂದು ಸಲ ರುಬ್ಬಿಕೊಳ್ಳುತ್ತೇನೆ ಎಂದಳು. ಅವಳ ಹಿಂದೆ ಇಸ್ತ್ರಿ ಅಂಗಡಿಯವನು ಬಂದ. ಆಮೇಲೆ ಹಿಟ್ಟಿನ ಗಿರಣಿಯವನು, ಕೈಯಲ್ಲಿ ಫೋನ್ ಹಿಡಿದ ಏಳೆಂಟು ಜನ. ಬೇಡ ಎನ್ನಲು ಸಾದಿಕನಿಗೆ ಬಾಯಿ ಬರಲಿಲ್ಲ. ಎಲ್ಲರೂ ನಾಳೆಯೂ ಮುಖ ನೋಡಬೇಕಾದವರು. ಚಾಚಾ ಇನ್ನೆರಡು ಸಲ ಪೈಪ್ ಇಳಿಸಿದರು.

ಕೊಂಡಿ ಕೂತಿತು. ಹೊಸ ಮೂತಿ ಕೂತಿತು. ಎರಡನ್ನೂ ಸೇರಿಸಿ ಪಿನ್ನು ಹಾಕಿದರು. ಸಾದಿಕ್ ಬಿಸ್ಮಿಲ್ಲಾ ಎಂದು ಕೀಲಿ ತಿರುಗಿಸಿದ. ಗಾಡಿ ನರಳಿತೇ ಹೊರತು ಎದ್ದೇಳಲಿಲ್ಲ. ಟ್ಯಾಂಕು ಒಣಗಿತ್ತು.

ನಾಗಯ್ಯ ತನ್ನ ಗ್ಯಾಸ್ ಆಟೋದಲ್ಲಿ ಹೋಗಿ ಕ್ಯಾನಿನ ತುಂಬ ಡೀಸೆಲ್ ತಂದ. ತರುವಾಗ ಅವನ ಮುಖದಲ್ಲಿದ್ದ ತೃಪ್ತಿಯನ್ನು ಯಾರೂ ನೋಡದಿರಲು ಸಾಧ್ಯವಿರಲಿಲ್ಲ. ಸುರಿದು ನೋಡಿದರೂ ಗಾಡಿ ಏಳಲಿಲ್ಲ. ಡೀಸೆಲ್ ಪೂರಾ ಖಾಲಿಯಾದರೆ ಪೈಪಿನಲ್ಲಿ ಗಾಳಿ ಹಿಡಿದುಕೊಳ್ಳುತ್ತದೆ, ಬಿಚ್ಚಿ ಗಾಳಿ ತೆಗೆಯಬೇಕು ಎಂದರು ಚಾಚಾ. ಮೂವತ್ತು ವರ್ಷದ ಅನುಭವದಿಂದ ಬಾನೆಟ್ ಎತ್ತಿ, ಒಂದು ಬೋಲ್ಟ್ ಬಿಚ್ಚಿದರು. ಒಳಗಿಂದ ಗಾಳಿಯ ಜೊತೆ ಒಂದು ಪುಟ್ಟ ಸ್ಪ್ರಿಂಗೂ ಹಾರಿ, ಎಲ್ಲರ ಕಣ್ಣೆದುರು ಚರಂಡಿಗೆ ಬಿತ್ತು.

"ಅದು ಮೈಸೂರಲ್ಲೇ ಸಿಗೋದು," ಎಂದರು ಚಾಚಾ ಚರಂಡಿಗೆ ಬಗ್ಗಿ ನೋಡಿ. "ನಾಲ್ಕು ದಿನ ಆಗುತ್ತೆ."

ಗಂಟೆ ನಾಲ್ಕೂವರೆಗೆ ಹತ್ತಿರವಾಗಿತ್ತು. ಸಾದಿಕ್ ಜನರೇಟರಿನ ಚಕ್ರಕ್ಕೆ ಒರಗಿ ನೆಲದ ಮೇಲೆ ಕೂತ. ಸೀರೆ ಉಟ್ಟು, ಹೂ ಮುಡಿದು, ಕತ್ತಲೆಯಲ್ಲಿ ನಿಂತ ಭವ್ಯ ಕಣ್ಣೆದುರು ಬಂದಳು. ಪಾಪ, ಆ ಹುಡುಗಿ ಯಾರಿಗೇನು ಮಾಡಿದ್ದಳು? ಮಾದಣ್ಣನಿಗೆ ಫೋನ್ ಮಾಡೋಣವೆಂದರೆ ನಾಚಿಕೆ, ಮಾಡಿದರೂ ಅವನು ಬರುವುದು ಆರೂವರೆಗೆ. ಅವನಿಗೆ ಅಳು ಬಂದುಬಿಟ್ಟಿತ್ತು. ಬೀದಿಯವರೆಲ್ಲ ನಿಂತಿದ್ದಾರೆ ಎಂದು ನುಂಗಿಕೊಂಡ.

ಆಗ ಬೀದಿಯ ತುದಿಯಲ್ಲಿ ಟ್ರಾಕ್ಟರ್ ಸದ್ದು ಕೇಳಿಸಿತು. ತಿರುಗಿ ನೋಡಿದರೆ ಮಾದಣ್ಣ ಬರುತ್ತಿದ್ದ.

"ವಸಿ ತಡ ಆಗೋಯ್ತು ಕಣ ಸಾದಿಕಣ್ಣ, ಬೇಜಾರ್ ಮಾಡ್ಕಬ್ಯಾಡ," ಎನ್ನುತ್ತ ಇಳಿದ. ಅವನ ಬಾಯಿಗೆ ರೂಢಿಯಾದ ಮಾತು ಅದು, ಸಾದಿಕ್ ಕಿವಿಗೇ ಹಾಕಿಕೊಳ್ಳಲಿಲ್ಲ. ಅವನನ್ನು ತಬ್ಬಿಕೊಳ್ಳುವುದೊಂದು ಬಾಕಿ. ಮಾದಣ್ಣ ಟ್ರೇಲರಿನ ಹೊಸ ಮೂತಿ ನೋಡಿದ, ಪಿಕಪ್ ನೋಡಿದ, ತಲೆ ಕೆರೆದುಕೊಂಡ.

"ಇದು ನನ್ ಟ್ರಾಕ್ಟ್ರುಗೆ ಸೇರಕ್ಕಿಲ್ವಲ್ಲ. ಈಗ ನಾನು ಏನ ಎಳೀಲಿ?"

"ಎರಡನ್ನೂ," ಎಂದ ಸಾದಿಕ್.

ಪಿಕಪ್ಪಿನ ಮುಂದಕ್ಕೆ ಸರಪಳಿ ಬಿಗಿದರು. ಊಟಿ ರಸ್ತೆಯಲ್ಲಿ ಆ ಸಂಜೆ ಮೊದಲು ಮಾದಣ್ಣನ ಟ್ರಾಕ್ಟರ್ ಹೊರಟಿತು, ಅದರ ಹಿಂದೆ ಎಂಜಿನ್ ಸತ್ತ ಬಿಳಿ ಪಿಕಪ್, ಅದರ ಹಿಂದೆ ಹಸಿರು ಜನರೇಟರ್. ಪಿಕಪ್ಪಿನ ಸ್ಟೇರಿಂಗ್ ಹಿಡಿದು ಸಾದಿಕ್, ಪಕ್ಕದಲ್ಲಿ ಡೀಸೆಲ್ ನಾರುವ ಬಾಯಿಯ ಚಾಚಾ, ಹಿಂದೆ ನಿಂತ ನಾಗಯ್ಯ. ಬಂಡೀಪುರಕ್ಕೆ ಹೊರಟಿದ್ದ ಪ್ರವಾಸಿಗರು ಕಾರು ನಿಧಾನ ಮಾಡಿ ಫೋಟೋ ತೆಗೆದುಕೊಂಡರು. ಕಾಡು ಇನ್ನೂ ದೂರವಿತ್ತು, ಆದರೂ ಅವರಿಗೆ ಕೊಟ್ಟ ದುಡ್ಡು ವಸೂಲಾದಂತಾಗಿತ್ತು.

"ಗ್ಯಾಸಿನ್ ಗಾಡಿ ತಗಂಡಿದ್ರೆ..." ಎಂದು ಹಿಂದಿನಿಂದ ನಾಗಯ್ಯ ಶುರು ಮಾಡಿದ.

"ನಾಗಯ್ಯ," ಎಂದ ಸಾದಿಕ್, "ಹಂಗಳ ಬರೋವರೆಗೆ ಒಂದು ಮಾತೂ ಆಡಬೇಡ."

ಹಂಗಳ ತಲುಪಿದಾಗ ಆರಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಗುರುಸ್ವಾಮಿ ಚಪ್ಪರದ ಮುಂದೆ ಗಡಿಯಾರ ನೋಡುತ್ತ ನಿಂತಿದ್ದ. ಮೆರವಣಿಗೆಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿ, ನೇರವಾಗಿ ಟ್ರಾಕ್ಟರಿನ ಹತ್ತಿರ ಹೋಗಿ ಮಾದಣ್ಣನ ಬೆನ್ನು ತಟ್ಟಿದ.

"ಟೈಮಿಗೆ ಸರ್ಯಾಗಿ ಬಂದೆ ಕಣ ಮಾದಣ್ಣ. ಮಾನ ಉಳಿಸ್ದೆ." ಆಮೇಲೆ ಸಾದಿಕನ ಕಡೆ ತಿರುಗಿ, "ಅಲ್ಲ ಸಾಬ್ರೆ, ಆ ಬಿಳಿ ಗಾಡೀನ ಯಾಕೆ ಎಳ್ಕಂಡ್ ಬಂದ್ರಿ?" ಎಂದ.

ಸಾದಿಕ್ ಇಳಿದು ಜನರೇಟರಿನ ಮುಚ್ಚಳ ತೆಗೆದ. ಗುರುಸ್ವಾಮಿಯ ಕಡೆಯವರು ಡೀಸೆಲ್ ಸುರಿದರು, ಜನರೇಟರ್ ಎದ್ದಿತು, ಆರು ಹೊಡೆಯುವ ಮೊದಲೇ ಚಪ್ಪರದ ತುಂಬ ಬಣ್ಣಬಣ್ಣದ ಬಲ್ಬುಗಳು ಹತ್ತಿಕೊಂಡವು. ಭವ್ಯ ಆ ಬೆಳಕಿನಲ್ಲಿ ಗಂಡನ ಪಕ್ಕ ನಗುತ್ತ ನಿಂತಳು. ಸಾದಿಕನ ಎದೆಯ ಮೇಲಿನ ಕಲ್ಲು ಇಳಿಯಿತು. ಹಂಗಳ ಉಳಿಯಿತು, ಅರ್ಧ ಅನ್ನ ಉಳಿಯಿತು.

ಜನರೇಟರಿನ ಸದ್ದಿನಿಂದ ದೂರ, ಮನೆಯ ಹಿಂದಿನ ಕಲ್ಲಿನ ಮೇಲೆ ಮಾದಣ್ಣನ ಪಕ್ಕ ಟೀ ಹಿಡಿದು ಕೂತ. ಮಾದಣ್ಣ ಯಾಕೋ ಮುಖ ಸಣ್ಣದು ಮಾಡಿಕೊಂಡಿದ್ದ.

"ಅಕ್ಕಂಗೆ ನೀನೇ ಒಂದ್ಮಾತು ಏಳ್ಬುಡು ಸಾದಿಕಣ್ಣ. ಬೆಳಗ್ಗೆ ಪೋನ್ ಮಾಡಿ, ಎಲ್ಡೂವರೆಗೆ ಬಂದ್ಬುಡು ಮಾದಣ್ಣ, ಅರ್ಜೆಂಟು ಅಂದಿದ್ರು. ನಾನು ನಾಕೂವರೆ ಮಾಡ್ಬುಟ್ಟೆ. ಬೈಕೋಬಾರ್ದು ಅಂತ ಏಳು."

ಎರಡೂವರೆಗೆ ಯಾರಿಗೆ ಬೇಕಿತ್ತು? ಲೋಟ ಕೆಳಗಿಟ್ಟು ಹೆಂಡತಿಗೆ ಫೋನ್ ಮಾಡಿದ.

"ಮಾದಣ್ಣನ್ನ ಕರೆದಿದ್ದು ನೀನಾ?"

"ಮತ್ಯಾರು?" ಅನೀಸಾ ಬುದ್ಧಿ ಹೇಳುವ ಹುರುಪಿನಲ್ಲಿ ಕನ್ನಡದಲ್ಲೇ ಶುರು ಮಾಡಿದಳು. "ಆ ಇಬ್ಬರ ಜೊತೆ ಬಸ್ ಹತ್ತಿದ್ರಿ ಅಂದ ಮೇಲೆ ನಾನು ನಿಮ್ಮನ್ನ ನಂಬಿಕೊಂಡು ಕೂರ್ಲಾ? ಕೊನೇ ಪಕ್ಷ ಟ್ರಾಕ್ಟರಾದ್ರೂ ಇರಲಿ ಅಂತ ಕರೆದೆ."

"ಎರಡೂವರೆಗೆ ಯಾಕೆ ಬಾ ಅಂದೆ?"

"ನಾಲ್ಕೂವರೆಗೆ ಬೇಕಾಗಿತ್ತಲ್ಲ, ಅದಕ್ಕೆ. ಹೇಳಿದ್ದಕ್ಕೆ ಎರಡು ಗಂಟೆ ತಡವಾಗಿ ಬರೋ ಮನುಷ್ಯನಿಗೆ ಎರಡು ಗಂಟೆ ಮುಂಚೆ ಹೇಳಿದ್ರೆ ಸರಿಹೋಯ್ತು. ಒಲೆ ಮುಂದೆ ಕೂತಿದ್ದಾಗ ಹೊಳೀತು. ಅಲ್ಲಾರೀ, ಇಷ್ಟು ಸುಲಭದ್ದು, ಹದಿಮೂರು ವರ್ಷದಲ್ಲಿ ನಿಮಗೆ ಒಂದು ದಿನಾನೂ ಹೊಳೀಲಿಲ್ವಾ?"

ಸಾದಿಕ್ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಎರಡು ಗಂಟೆಯ ಒಂದು ಸುಳ್ಳು. ಅದೊಂದು ನಾಲಗೆಗೆ ಬಂದಿದ್ದರೆ ತೆರಕಣಾಂಬಿಯಲ್ಲಿ ಕತ್ತಲಾಗುತ್ತಿರಲಿಲ್ಲ, ಹದಿನೇಳು ಜನ ಎರಡೆರಡು ಗಾಡಿ ಹತ್ತಿ ಇಳಿಯಬೇಕಿರಲಿಲ್ಲ, ಆ ಗಟ್ಟಿಮುಟ್ಟಾದ ಮೂತಿಯನ್ನು ಕುಯ್ಯಬೇಕಿರಲಿಲ್ಲ. ಆದರೂ ಸುಸ್ತಿನ ತಳದಲ್ಲಿ ಎಲ್ಲೋ ಒಂದು ಸಮಾಧಾನ ಕಂಡಿತು. ಹೋದದ್ದು ಹೋಯಿತು, ಇನ್ನು ಮುಂದಕ್ಕಾದರೂ ದಾರಿ ಗೊತ್ತಾಯಿತಲ್ಲ. ಗಾಡಿ ರಿಪೇರಿಯಾಗಲು ನಾಲ್ಕು ದಿನ, ಅಲ್ಲಿಯವರೆಗೆ ಟ್ರಾಕ್ಟರೇ ಎರಡನ್ನೂ ಎಳೆಯಬೇಕು. ನಾಳೆ ಬೆಳಿಗ್ಗೆ ಹತ್ತಕ್ಕೆ ಕುದೇರಿನಲ್ಲಿ ನಾಮಕರಣ, ಮಾದಣ್ಣನಿಗೆ ದಿನ ಮೊದಲೇ ಹೇಳಿಟ್ಟಿದ್ದ, ಹೊತ್ತು ಹೇಳಿರಲಿಲ್ಲ. ಅಲ್ಲಾಹ್ ಕ್ಷಮಿಸುತ್ತಾನೆ, ಎಂಟು ಎಂದು ಹೇಳಿಬಿಟ್ಟರಾಯಿತು.

ಫೋನನ್ನು ಜೇಬಿಗಿಡುತ್ತ ತಲೆ ಎತ್ತಿದ. ಸ್ಪೀಕರಿನಲ್ಲಿ ಬಂದ ಪ್ರತಿಯೊಂದು ಮಾತನ್ನೂ ಕೇಳಿಸಿಕೊಂಡಿದ್ದ ಮಾದಣ್ಣ, ಟೀ ಲೋಟವನ್ನು ಎರಡು ಕೈಯಲ್ಲಿ ಹಿಡಿದು, ಬಹಳ ಕಾಲದ ಒಗಟೊಂದನ್ನು ಬಿಡಿಸಿದವನಂತೆ ತಲೆಯಾಡಿಸುತ್ತಿದ್ದ.

"ಓ, ಅಂಗಾ ಸಮಾಚಾರ. ನಾಳೀಕೆ ಕುದೇರ್ಗೆ ಎಷ್ಟೊತ್ಗೆ ಬೇಕು ಸಾದಿಕಣ್ಣ?"

ಇನ್ನು ಸುಳ್ಳು ಹೇಳಿ ಏನು ಉಪಯೋಗ? "ಹತ್ತಕ್ಕೆ," ಎಂದ ಸಾದಿಕ್. "ಖಂಡಿತ ಹತ್ತಕ್ಕೆ. ಅಲ್ಲಾಹ್‌ನ ಆಣೆಗೂ ಹತ್ತಕ್ಕೆ."

ಮಾದಣ್ಣ ಅವನ ಮೊಣಕಾಲು ತಟ್ಟಿ ಕಣ್ಣು ಮಿಟುಕಿಸಿದ.

"ಗೊತ್ತಾಯ್ತು ಬುಡು. ಹತ್ತು ಅಂದ್ರೆ ನಿಮ್ಗೆ ಬೇಕಿರದು ಹನ್ನೆರಡಕ್ಕೆ. ಯೋಚ್ನೆ ಮಾಡ್ಬ್ಯಾಡ ಕಣ, ವಸಿ ತಡ ಆದ್ರೂ ಎಲ್ಡು ಗಂಟ್ಗೆಲ್ಲ ಬಂದ್ಬುಡ್ತೀನಿ."